ಅಂಗೈಯಲ್ಲಿ ಗೆರೆ ಕೊರೆದುಕೊಂಡ ನಾವಿಕ

ವೆನಿಸ್ ಪಕ್ಕದ ಮೆಸ್ತ್ರೆಗೆ ಬಂದ ಹೊಸತರಲ್ಲಿ ನನಗೆ ಇಟಾಲಿಯನ್ ಕಲಿಸಿದ್ದು ಎದಿಕೊಲ, ಅಂದರೆ ರಸ್ತೆ ಬದಿಯ ಪತ್ರಿಕೆಗಳ ಗೂಡಂಗಡಿ. ಅಲ್ಲಿ ಸಿಗುವ ಚಿತ್ರಕಥೆಗೆ, ಅಂದರೆ ಕಾಮಿಕ್ಸ್‌ಗೆ, ಇಲ್ಲಿಯವರು 'ಫುಮೆತ್ತೊ' ಎನ್ನುತ್ತಾರೆ. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆ ಹೊಗೆಯ ಎಸಳಿನಂತೆ ಕಾಣುವುದರಿಂದ ಆ ಹೆಸರು. ಹೀಗೆ ಅಕ್ಷರ ಕೂಡಿಸಿ ಓದುತ್ತಿದ್ದಾಗ ಇಟಲಿಯ ಕಾಮಿಕ್ಸ್ ಕಲಾವಿದ ಹ್ಯೂಗೊ ಪ್ರಾಟ್ ಪುಟಗಳಲ್ಲಿ ಸಿಕ್ಕರು. ಆಮೇಲೆ ಬೇರೆಯವರತ್ತ ಮನಸ್ಸು ಹೋಗಲಿಲ್ಲ.

1927ರಲ್ಲಿ ರಿಮಿನಿಯಲ್ಲಿ ಹುಟ್ಟಿ ವೆನಿಸ್‌ನಲ್ಲಿ ಬೆಳೆದ ಪ್ರಾಟ್, ಹತ್ತರ ಪ್ರಾಯದಲ್ಲಿ ಇಥಿಯೋಪಿಯಾಕ್ಕೆ ಹೋದರು. ತಂದೆ ಅಲ್ಲಿ ಇಟಲಿಯ ಸೇನೆಯಲ್ಲಿದ್ದರು. 1941ರಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ತಂದೆ ಮರುವರ್ಷ ಸೆರೆಯಲ್ಲೇ ತೀರಿಕೊಂಡರು. ತಾಯಿ ಮಗ ಅಲ್ಲಿನ ದಿರೆ ದಾವಾ ಊರಿನ ಸೆರೆ ಶಿಬಿರ ಸೇರಿದರು. ಅಪ್ಪನಿಲ್ಲದ ಆ ಹುಡುಗ ಕಾವಲುಗಾರರಿಂದ ಕಾಮಿಕ್ಸ್ ಕೊಂಡು ಓದುತ್ತಿದ್ದ! ಅದೇ ಎರಡನೇ ಮಹಾಯುದ್ಧದಲ್ಲಿ ಸೆರೆಯಾದ ಇಟಲಿಯ ಸೈನಿಕರನ್ನು ನಮ್ಮ ಬೆಂಗಳೂರಿನ ಶಿಬಿರಗಳಿಗೂ ತಂದಿದ್ದರು. ಇದು ನೆನಪಾದಾಗಲೆಲ್ಲ ಪ್ರಾಟ್ ನನಗೆ ಪರಕೀಯರೆನಿಸುವುದಿಲ್ಲ.

ಯುದ್ಧ ಮುಗಿದ ಮೇಲೆ ಬ್ಯೂನಸ್ ಐರಿಸ್, ಆಮೇಲೆ ಸ್ವಲ್ಪ ಕಾಲ ಲಂಡನ್. ಅರ್ಜೆಂಟೀನಾದಲ್ಲಿ ಲೇಖಕ ಓಸ್ತರ್‌ಹೆಲ್ಡ್ ಜೊತೆ 1953ರಲ್ಲಿ ಆರಂಭಿಸಿದ 'ಸಾರ್ಜೆಂಟ್ ಕರ್ಕ್', ಅಮೆರಿಕದ ಮೂಲನಿವಾಸಿಗಳ ಕಗ್ಗೊಲೆ ಕಂಡು ಸೇನೆಯನ್ನೇ ತೊರೆದವನ ಕಥೆ. ವಸಾಹತು ಯುದ್ಧವನ್ನು ಕಣ್ಣಾರೆ ಕಂಡ ಕೈಗೇ ಆ ಕಥೆ ಸಿಕ್ಕಿತಲ್ಲ ಎಂದುಕೊಳ್ಳುತ್ತೇನೆ.

1967ರಲ್ಲಿ ಜಿನೋವಾದಿಂದ ಹೊರಟ ಪತ್ರಿಕೆಯೊಂದರಲ್ಲಿ ಪ್ರಾಟ್ ಸೃಷ್ಟಿಸಿದ ಕಥಾನಾಯಕ, ನಾವಿಕ ಕೊರ್ತೊ ಮಾಲ್ತೆಸೆ ಮೊದಲು ಕಾಣಿಸಿಕೊಂಡ. ನಡುಗಡಲಲ್ಲಿ, ತೆಪ್ಪಕ್ಕೆ ಕೈಕಾಲು ಕಟ್ಟಿಸಿಕೊಂಡು! ಆರಂಭದ ಪುಟಗಳಲ್ಲಿ ಮಸಿ ದಟ್ಟ, ನೆರಳು ಗಾಢ. ವರ್ಷಗಳು ಕಳೆದಂತೆ ಗೆರೆಗಳು ಕಡಿಮೆಯಾದವು. ನಾಲ್ಕು ಎಳೆತಕ್ಕೆ ಒಂದು ಕಡಲಹಕ್ಕಿ, ಮಿಕ್ಕ ಬಿಳಿ ಕಾಗದವೆಲ್ಲ ಆಕಾಶ. ನನಗೆ ಈ ಕೊನೆಯ ಕಾಲದ ಪ್ರಾಟ್ ಹೆಚ್ಚು ಪ್ರಿಯ. ಅವರು 1995ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ತೀರಿಕೊಂಡರು. ಹಿಂದೆ ಅವರು ವಾಸವಿದ್ದ ಮಲಾಮೊಕ್ಕೊಗೆ ವೆನಿಸ್‌ನಿಂದ ದೋಣಿಯಲ್ಲಿ ಲೀದೊ ದ್ವೀಪ ತಲುಪಿ, ಬಸ್ ಹಿಡಿದು ಹೋಗಿಬಂದೆ. ಹೆಚ್ಚು ಸದ್ದಿಲ್ಲದ ಊರು, ಎದುರಿಗೇ ಹಿನ್ನೀರು.

ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಕೊರ್ತೊನ ಬಾಲ್ಯ ಹೇಳಿದೆ. ಅವನ ಅಂಗೈ ನೋಡಿದವಳೊಬ್ಬಳು ಭಾಗ್ಯರೇಖೆಯೇ ಇಲ್ಲವೆಂದು ಬೆಚ್ಚಿಬಿದ್ದಳು. ಹುಡುಗ ಅಪ್ಪನ ಕ್ಷೌರದ ಕತ್ತಿಯಿಂದ ತನಗೆ ಬೇಕಾದಂತೆ ಗೆರೆ ಕೊರೆದುಕೊಂಡ. ನಾನು ಹೊರಡುವ ಮುನ್ನ ನನ್ನ ಜಾತಕವನ್ನು ಮೂವರು ಜೋಯಿಸರಿಗೆ ತೋರಿಸಿದ್ದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಪಾಪ, ಆ ಮಗುವಿನ ಕೈಗೆ ಯಾರಾದರೂ ಅರಿಸಿನ ಹಚ್ಚಿದರೇನೋ?" ಎಂದಳು.