ರಕ್ತ ಕೊಟ್ಟವರು, ಪ್ರಶ್ನೆ ಕೇಳಿದವರು

ರಕ್ತದ ಮಾದರಿಗಳಿಗೆ ಚೀಟಿ ಅಂಟಿಸಿ ಫ್ರೀಜರಿಗೆ ಸೇರಿಸುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಮೈನಸ್ 80 ಡಿಗ್ರಿಯ ಆ ಪೆಟ್ಟಿಗೆಯ ಬಾಗಿಲು ತೆರೆದರೆ ಬಿಳಿ ಹಬೆ ಹೊಮ್ಮುತ್ತದೆ, ಒಳಗೆ ಸಾಲು ಸಾಲಾಗಿ ಪುಟ್ಟ ಕೊಳವೆಗಳು, ಪ್ರತಿಯೊಂದರ ಮೇಲೂ ಒಂದು ಸಂಖ್ಯೆ. ಹೆಸರು ಬರೆಯದಿರುವುದು ರಕ್ತ ಕೊಟ್ಟವರ ರಕ್ಷಣೆಗಾಗಿ ಎಂದು ನಮಗೆ ಕಲಿಸಿದ್ದರು. ಅದು ನಿಜವೇ. ಆದರೆ ಹೆಸರಿನೊಂದಿಗೆ ಆ ರಕ್ತದ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆಯೂ ಮರೆಯಾಗಿಬಿಡುತ್ತದೆ ಎಂಬುದು ಹವಸುಪಾಯಿ ಎಂಬ ಮೂಲನಿವಾಸಿ ಜನರ ಕಥೆ ಓದಿದಾಗಲಷ್ಟೇ ನನಗೆ ಹೊಳೆಯಿತು.

ಅಮೆರಿಕದ ಅರಿಜೋನಾದಲ್ಲಿ, ಗ್ರ್ಯಾಂಡ್ ಕ್ಯಾನಿಯನ್ನಿನ ಆಳದಲ್ಲಿ ಅವರ ಊರಿದೆ. ಅಲ್ಲಿಗೆ ರಸ್ತೆಯಿಲ್ಲ, ಅಂಚೆ ಇಂದಿಗೂ ಹೇಸರಗತ್ತೆಯ ಬೆನ್ನೇರಿಯೇ ಇಳಿಯುತ್ತದೆ. ಮಧುಮೇಹ ಮನೆಮನೆಯನ್ನೂ ಕಾಡುತ್ತಿದ್ದುದರಿಂದ 1990ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದಾಗ ಊರಿನವರು ರಕ್ತ ಕೊಡಲು ತೋಳು ಚಾಚಿದರು. ಒಪ್ಪಿಗೆ ಪತ್ರದಲ್ಲಿ ‘ವರ್ತನೆಯ ಹಾಗೂ ವೈದ್ಯಕೀಯ ತೊಂದರೆಗಳ ಕಾರಣ’ ಎಂಬ ಅಗಲವಾದ ಮಾತಿತ್ತು, ಜನರ ಕಿವಿಗೆ ಬಿದ್ದದ್ದು ಮಧುಮೇಹ ಎಂಬ ಒಂದೇ ಮಾತು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಒಳಸಂಬಂಧದ ಮದುವೆಗಳು, ಪೂರ್ವಿಕರ ವಲಸೆ ಇವುಗಳ ಅಧ್ಯಯನಕ್ಕೂ ಬಳಸಿದ್ದು 2003ರಲ್ಲಿ ಬೆಳಕಿಗೆ ಬಂತು. ಈ ಕಣಿವೆಯೇ ತಮ್ಮ ಹುಟ್ಟುನೆಲ ಎಂದು ನಂಬಿದವರಿಗೆ, ನೀವು ಬೇರೆಲ್ಲಿಂದಲೋ ಬಂದವರು ಎಂದು ಅವರದೇ ರಕ್ತದಿಂದ ಹೇಳಿಸಿದಂತಾಯಿತು. 2010ರಲ್ಲಿ 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಮಾದರಿಗಳನ್ನು ಮರಳಿ ಪಡೆಯಲು ಬಂದವರು ಫ್ರೀಜರಿನ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಹಾಡಿದರು.

ಇಂಥ ಸಮುದಾಯಗಳ ಬಳಿಗೆ ಕ್ಯಾನ್ಸರಿನ ವಂಶವಾಹಿ ಸಂಶೋಧನೆಗೆಂದು ಹೋಗುವವರು ಅಲ್ಲಿನ ಹಿಂಜರಿಕೆಯನ್ನು ‘ಅರಿವಿನ ಕೊರತೆ’ ಎಂದು ವರದಿಯಲ್ಲಿ ಬರೆಯುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಅದು ಅರಿವಿನ ಕೊರತೆಯಲ್ಲ, ನೆನಪು.

ನ್ಯೂಜಿಲೆಂಡಿನ ತೌರಂಗದ ಸುತ್ತಲಿನ ಒಂದು ಮಾವೊರಿ, ಅಂದರೆ ಅಲ್ಲಿನ ಮೂಲನಿವಾಸಿ, ಕುಟುಂಬದಲ್ಲಿ ಕಥೆ ತಿರುವುಮುರುವಾಗಿ ನಡೆಯಿತು. ತಲೆಮಾರುಗಳಿಂದ ಎಳೆಯ ವಯಸ್ಸಿನವರೂ ಜಠರದ ಕ್ಯಾನ್ಸರಿಗೆ ಬಲಿಯಾಗುತ್ತಿದ್ದರು. ಶಾಪವಿರಬೇಕು ಎಂಬ ಮಾತೂ ಇತ್ತು. ಕೊನೆಗೆ 1990ರ ದಶಕದಲ್ಲಿ ಕುಟುಂಬದವರೇ ಒಟಾಗೊ ವಿಶ್ವವಿದ್ಯಾಲಯದ ಪ್ಯಾರಿ ಗಿಲ್ಫೋರ್ಡ್ ಅವರ ತಂಡದ ಬಳಿ ತಮ್ಮ ಪ್ರಶ್ನೆಯನ್ನು ಒಯ್ದರು. ಮಾವೊರಿಗಳಿಗೆ ವಂಶಾವಳಿ, ಅಂದರೆ ವಕಪಾಪ, ಪವಿತ್ರವಾದದ್ದು. ಯಾರ ಮಗಳು ಯಾರು, ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು ಎಂಬುದನ್ನು ಹೇಳಲು ಆಸ್ಪತ್ರೆಯ ಕಡತಗಳಿಗಿಂತ ಹಿರಿಯರೇ ಸಮರ್ಥರು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪ್ರೋಟೀನನ್ನು ರೂಪಿಸುವ ಸಿಡಿಎಚ್1 ವಂಶವಾಹಿಯಲ್ಲಿನ ದೋಷವೇ ಇದಕ್ಕೆ ಕಾರಣ ಎಂದು 1998ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು, ಆ ಲೇಖನದ ಲೇಖಕರ ಪಟ್ಟಿಯಲ್ಲಿ ಕುಟುಂಬದವರ ಹೆಸರುಗಳೂ ಇವೆ. ಈ ಕ್ಯಾನ್ಸರ್ ಜಠರದ ಒಳಪೊರೆಯ ಕೆಳಗೆ ಚದುರಿ ಬೆಳೆಯುವುದರಿಂದ ಎಂಡೋಸ್ಕೋಪಿಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಆದ್ದರಿಂದ ದೋಷ ಪತ್ತೆಯಾದ ಹಲವರು, ರೋಗ ಕಾಣಿಸುವ ಮೊದಲೇ ಇಡೀ ಜಠರವನ್ನು ತೆಗೆಸಿಕೊಂಡು ಬದುಕಿದ್ದಾರೆ. ಊಟವನ್ನು ತುತ್ತು ತುತ್ತಾಗಿ ದಿನವಿಡೀ ಹಂಚಿಕೊಳ್ಳಬೇಕಾದ ಬದುಕು ಅದು; ಸಲೀಸಲ್ಲ.

ವಂಶವಾಹಿ ದತ್ತಾಂಶದ ಬಹುಪಾಲು ಇಂದಿಗೂ ಯುರೋಪ್ ಮೂಲದವರದೇ. ಆದ್ದರಿಂದ ಮೂಲನಿವಾಸಿಗಳ ವಂಶವಾಹಿ ಪರೀಕ್ಷೆಯ ವರದಿಯಲ್ಲಿ ‘ಅರ್ಥ ಅನಿಶ್ಚಿತ’, ಅಂದರೆ ಕಂಡ ಬದಲಾವಣೆ ಅಪಾಯದ್ದೋ ಅಲ್ಲವೋ ತಿಳಿಯದು, ಎಂಬ ಷರಾ ಹೆಚ್ಚಾಗಿ ಬರುತ್ತದೆ. ಅವರು ಸಂಶೋಧನೆಯಿಂದ ಹೊರಗುಳಿದರೆ ನಷ್ಟ ಅವರಿಗೇ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ವಾದ ಸರಿಯಿದೆ, ಆದರೆ ಅದನ್ನು ಹೇಳುವ ಹಕ್ಕು ಫಲಿತಾಂಶದೊಂದಿಗೆ ಆ ಊರಿಗೆ ಮರಳಿ ಹೋಗುವವರಿಗೆ ಮಾತ್ರ ಇದೆ ಎಂದು ನನಗನ್ನಿಸುತ್ತದೆ.

ಬಳಸಿ ಉಳಿದ ಅಂಗಾಂಶವನ್ನು ವಿಲೇವಾರಿ ಮಾಡುವಾಗ ಕರಕಿಯ, ಅಂದರೆ ಪ್ರಾರ್ಥನೆ, ಬೇಕೇ ಎಂದು ಒಪ್ಪಿಗೆ ಪತ್ರದಲ್ಲೇ ಕೇಳುವ ರೂಢಿ ನ್ಯೂಜಿಲೆಂಡಿನಲ್ಲಿದೆ. ನನ್ನ ಕೈಯಲ್ಲಿ ಹಾದುಹೋದ ಯಾವ ನಮೂನೆಯಲ್ಲೂ, ಕೊಳವೆ ಕೊನೆಗೆ ಎಲ್ಲಿಗೆ ಹೋಗಬೇಕೆಂದು ಕೊಟ್ಟವರನ್ನು ಕೇಳುವ ಒಂದು ಸಾಲೂ ಇರಲಿಲ್ಲ.