ಲೋಗೊ ಎಡಕ್ಕೆ, ಹೆಬ್ಬಾತು ಬಲಕ್ಕೆ

ಬೆಂಗಳೂರಿನ ಒಂದು ಕಂಪನಿಗೆ ರಿಸೆಪ್ಶನ್ ಗೋಡೆಗೆ ಜಲವರ್ಣದಲ್ಲಿ ಒಂದು ಕೆರೆ ಬೇಕಿತ್ತು. ನಾನು ಗದಗ ಜಿಲ್ಲೆಯ ಮಾಗಡಿ ಕೆರೆ ಅಂದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕೆರೆ ಅಂದಕೂಡಲೇ ಸಮಾಜದ ಕೆಲಸಕ್ಕೆ ದುಡ್ಡು ಕೊಡುವ ಅವರ ಸಿಎಸ್‌ಆರ್‌ನವರೂ ಖುಷಿಯಾದರು. ಆಮೇಲೆ ಇಂಟೀರಿಯರ್ ಡಿಸೈನರ್ ಲೇಔಟ್ ಕಳಿಸಿದರು. ಲೋಗೊ ಎಡಕ್ಕೆ, ಆದ್ದರಿಂದ ಹಕ್ಕಿಗಳೆಲ್ಲ ಬಲಕ್ಕೆ. ನೀರು ಸೋಫಾಗೆ ಮ್ಯಾಚ್ ಆಗುವ ನೀಲಿ. ಅಡ್ವಾನ್ಸ್ ಬಂದಿತ್ತು, ಹ್ಞೂಂ ಅಂದೆ.

ಚಿತ್ರ ಬರೆಯುವ ಹಿಂದಿನ ರಾತ್ರಿ, ಕೆರೆಗೆ ಹತ್ತಿರದ ಲಕ್ಷ್ಮೇಶ್ವರದ ಲಾಡ್ಜಿನಲ್ಲೇ ಶೀಟು ನೆನೆಸಿ ಹಲಗೆಗೆ ಬಿಗಿದು ಸ್ಟ್ರೆಚ್ ಮಾಡಿ, ಲೇಔಟ್ ಪ್ರಕಾರ ಬಲಗಡೆ ಹೆಬ್ಬಾತುಗಳ ಜಾಗಕ್ಕೆ ಬಣ್ಣ ತಾಗದಂತೆ ತಡೆಯುವ, ಆಮೇಲೆ ಉಜ್ಜಿ ತೆಗೆಯುವ ಮಾಸ್ಕಿಂಗ್ ದ್ರವ ಹಚ್ಚಿ ಮಲಗಿದೆ. ಬೆಳಿಗ್ಗೆ ವಾಷ್, ಅಂದರೆ ನೀರುಬಣ್ಣದ ತೆಳು ಹಾಸು, ಒಂದನ್ನೇ ಎಳೆದರಾಯ್ತು ಅಂತ ಲೆಕ್ಕ.

ಜನವರಿ. ಬೆಳಕು ಹರಿಯುವ ಮೊದಲೇ ಈಸೆಲ್ ನಿಲ್ಲಿಸಿದೆ. ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇದು ಬೆಳಿಗ್ಗೆ ಕೆರೆಗೆ ವಾಪಸ್ ಬರ್ತಾವೆ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿ ಆಕಾಶದಿಂದ ವಾಷ್ ಇಳಿಸ್ತಾ ನೀರಿನ ಗೆರೆಗೆ ಬಂದಿದ್ದೆ, ಅಷ್ಟರಲ್ಲಿ ಗದ್ದಲ ಕೇಳಿಸಿತು. ತಂಡ ಒಂದು ಸುತ್ತು ಹೊಡೆದು ಎಡಕ್ಕೆ ಇಳಿಯಿತು. ಹಿಂದೆ ಇನ್ನೊಂದು ತಂಡ. ಅದೂ ಎಡಕ್ಕೆ.

ಬ್ರಶ್ ಎತ್ತಿ ಹಿಡಿದು ನಿಂತುಬಿಟ್ಟೆ. ವಾಷ್‌ನ ಕೆಳ ಅಂಚಿನಲ್ಲಿ ಬಣ್ಣದ ನೀರು ಸಾಲಾಗಿ ಜೋತು ನಿಂತಿರುತ್ತಲ್ಲ, ಅದನ್ನು ಕೆಳಕ್ಕೆ ಎಳೀತಾನೇ ಇರಬೇಕು. ಮುಂದಿನ ತಂಡವಾದರೂ ಬಲಕ್ಕೆ ಬಂದೀತು ಅಂತ ಕಾದೆ. ಆ ಒಣಗಾಳಿಗೆ ಹಾಳೆಯ ಹೊಳಪು ಒಂದು ಮೂಲೆಯಿಂದ ಇಂಗ್ತಾ ಬರೋದು ಕಣ್ಣಿಗೆ ಕಾಣ್ತಿತ್ತು. ಮತ್ತೆ ಬ್ರಶ್ ಇಡುವಷ್ಟರಲ್ಲಿ ಅಂಚು ಕಚ್ಚಿಕೊಂಡಿತ್ತು, ಕೆರೆಯ ನಡುವೆ ಅಡ್ಡಗೀಟು.

ಹಿಂದೆ ನಿಂತು ನೋಡ್ತಿದ್ದ ಕಾವಲಿನವರು ಆಗ ಬಾಯಿಬಿಟ್ಟರು. ‘ಸರ್ರ, ಈ ಗಾಳಿಗೆ ಅವು ಅತ್ಲಾಗ ಕೂಡೂದಿಲ್ರಿ. ಏರಿ ಬಾಜೂಕ ಕೂಡ್ತಾವ. ನಿನ್ನೇನ ಕೇಳಿದ್ರ ಹೇಳ್ತಿದ್ನೆಲ್ರಿ.’

ಮಾಸ್ಕಿಂಗ್ ಉಜ್ಜಿದರೆ ಹಾಳೆಯ ಸಿಪ್ಪೆಯೂ ಎದ್ದು ಬಂತು. ಇಡೀ ರಾತ್ರಿ ಬಿಟ್ಟಿದ್ದಕ್ಕೆ ಅದು ಸಂಬಳ. ಇನ್ನೊಂದು ಹಾಳೆ ತೆಗೆದು, ಹಕ್ಕಿ ಕೂತಲ್ಲೇ ಹಕ್ಕಿ, ನೀರು ಇದ್ದ ಬಣ್ಣದ್ದೇ ನೀರು ಅಂತ ಬರೆದೆ. ಹಾಲು ಕಮ್ಮಿಯಾದ ಚಹಾದ ಬಣ್ಣ. ಮಳೆನೀರು ಹಿಡಿಯೋಕೆ ಕಟ್ಟಿದ ಕೆರೆ ಅದು, ಈಜುಕೊಳ ಅಲ್ಲ. ಹೆಬ್ಬಾತುಗಳಿಗೆ ಹಾಳೆಯ ಬಿಳುಪನ್ನೇ ಬಿಟ್ಟು, ಹತ್ತಿರದ ನಾಲ್ಕಾರಕ್ಕೆ ಮಾತ್ರ ತಲೆ ಹಿಂದೆ ಎರಡೆರಡು ಕಪ್ಪು ಪಟ್ಟೆ ಎಳೆದೆ. ದೂರದವಕ್ಕೆ ಪಟ್ಟೆ ಕಾಣೋದಿಲ್ಲ, ಎಳೆಯಲೂ ಬಾರದು.

ಈಗ ಕೆರೆ ನೋಡದೆ ಲೇಔಟಿಗೆ ಓಕೆ ಅನ್ನೋದಿಲ್ಲ. ಕಾವಲಿನವರ ಜೊತೆ ಒಂದು ಸಂಜೆ ಕಳೆಯದೆ ಹಾಳೆ ಬಿಚ್ಚೋದಿಲ್ಲ. ಬಣ್ಣದ ಸ್ಟಡಿಗೆ ಬೇರೆ ಬಿಲ್ಲು.

ಇಷ್ಟಾಗಿ, ವಾಟ್ಸಾಪಿನಲ್ಲಿ ಫೋಟೊ ನೋಡಿದ ಡಿಸೈನರ್ ಕೇಳಿದ್ದು ಒಂದೇ: ‘ಸರ್, ಫ್ಲಿಪ್ ಮಾಡಬಹುದಾ?’ ಮಾಡಿಯೂ ಬಿಟ್ಟರು. ಸ್ಕ್ಯಾನ್ ತಿರುಗಿಸಿ, ನೀಲಿ ಏರಿಸಿ, ಕ್ಯಾನ್ವಾಸ್ ಪ್ರಿಂಟ್ ತೂಗುಹಾಕಿದ್ದಾರೆ. ಮಾಗಡಿಯವರು ಯಾರಾದರೂ ಆ ರಿಸೆಪ್ಶನ್‌ಗೆ ಹೋದರೆ ಏರಿ ಎಲ್ಲಿದೆ ಅಂತ ಹುಡುಕಬೇಕು. ಮೂಲ ಚಿತ್ರ ನನ್ನ ಹತ್ತಿರವೇ ಇದೆ. ಬ್ಯಾಲೆನ್ಸ್ ಕೇಳಿದರೆ ಅಕೌಂಟ್ಸ್‌ನವರು, ‘ಒರಿಜಿನಲ್ ಡೆಲಿವರಿ ಆಗಿಲ್ವಲ್ಲ ಸರ್’ ಅಂತಾರೆ.