ಕರ್ಬ್ ಕಲ್ಲಿನ ಎತ್ತರ

ಮಡಿಕೇರಿಯ ಇಳಿಜಾರು ರಸ್ತೆಯೊಂದರ ಅಂಚಿಗೆ ಯಾವ ಅಳತೆಯ ಕರ್ಬ್ ಕಲ್ಲು (ರಸ್ತೆಯ ಮಟ್ಟಕ್ಕಿಂತ ಎತ್ತರಿಸಿ ಕೂರಿಸುವ ಅಂಚುಗಲ್ಲು) ಕೂರಿಸಬೇಕೆಂಬ ಚರ್ಚೆ ಈ ವಾರವಿಡೀ ನಡೆಯಿತು. ವಾಹನ ಸುಲಭವಾಗಿ ಹತ್ತಿಳಿಯಬೇಕಾದ ಕಡೆ ಸುಮಾರು 100 ಮಿ.ಮೀ., ಫುಟ್‌ಪಾತಿನ ಅಂಚಿಗೆ 150 ಮಿ.ಮೀ., ವಾಹನವನ್ನು ತಡೆಯಲೇಬೇಕಾದ ಸೇತುವೆಯಂಥ ಜಾಗಕ್ಕೆ 200 ಮಿ.ಮೀ. ಎಂಬುದು ರೂಢಿಯ ಲೆಕ್ಕ. ನಮ್ಮಲ್ಲಿ ಮಳೆ ಜೋರಾದ್ದರಿಂದ ಎತ್ತರದ ಕಲ್ಲೇ ಇರಲಿ ಎಂದು ಕೆಲವರು ಹೇಳಿದರು; ಆದರೆ ಕರ್ಬ್ ನೀರನ್ನು ಅಂಚಿನಲ್ಲಿ ಹಿಡಿದಿಡುತ್ತದೆಯೇ ಹೊರತು ಹೊರಗೆ ಸಾಗಿಸುವುದಿಲ್ಲವಾದ್ದರಿಂದ, ಚರಂಡಿಗೆ ಸಾಕಷ್ಟು ಬಾಯಿಗಳನ್ನು ಬಿಡದಿದ್ದರೆ ಎತ್ತರದ ಕಲ್ಲು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ರಸ್ತೆಯನ್ನೇ ತೋಡಾಗಿಸುತ್ತದೆ.

ನಾನು 150ಕ್ಕೇ ಅಂಟಿಕೊಂಡೆ. ಸಂತೆಯ ದಿನ ಎರಡೂ ಕೈಯಲ್ಲಿ ಚೀಲ ಹಿಡಿದು ಬರುವ ವಯಸ್ಸಾದವರಿಗೆ ಅದಕ್ಕಿಂತ ಎತ್ತರದ ಮೆಟ್ಟಿಲು ನಿಜಕ್ಕೂ ಕಷ್ಟ, ಮತ್ತು ಅವರು ಫುಟ್‌ಪಾತ್ ಬಿಟ್ಟು ರಸ್ತೆಗಿಳಿದರೆ ನಾವು ಕಟ್ಟಿದ್ದೆಲ್ಲ ವ್ಯರ್ಥ. ರಸ್ತೆ ದಾಟುವ ಕಡೆಗಳಲ್ಲಿ ಅಷ್ಟು ಎತ್ತರವೂ ಸಲ್ಲದು. ಅಲ್ಲಿ ಕಲ್ಲನ್ನು ರಸ್ತೆಯ ಮಟ್ಟಕ್ಕೆ ತಗ್ಗಿಸಿ, 1:12ಕ್ಕಿಂತ (ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರಿಕೆ) ಕಡಿದಾಗದ ಇಳಿಜಾರು ಕೊಡಲೇಬೇಕು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ 40 ಮಿ.ಮೀ. ಹೊಸ ಪದರ ಹಾಕಿದರೆ 150ರ ಕರ್ಬ್ 110ಕ್ಕೆ ಇಳಿಯುತ್ತದೆ, ಮತ್ತೊಮ್ಮೆ ಹಾಕಿದರೆ 70ಕ್ಕೆ. ಆಗ ಜೀಪುಗಳು ಫುಟ್‌ಪಾತಿನ ಮೇಲೆಯೇ ನಿಲ್ಲುತ್ತವೆ. ಆದ್ದರಿಂದ ಕರ್ಬಿನ ಎತ್ತರದ ಜೊತೆಗೆ, ಮರುಡಾಂಬರಿಗೆ ಮೊದಲು ಹಳೆಯ ಪದರ ಕೆರೆಯಬೇಕೆಂಬ ಷರತ್ತನ್ನೂ ನಕ್ಷೆಯ ಮೇಲೆಯೇ ಬರೆಯಿಸಿದ್ದೇನೆ.